ದೆವ್ವಗಳ ಬಗ್ಗೆ ಬರೆಯುವುದನ್ನೇ ವೃತ್ತಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರವಳು, ವಯಸ್ಸು 26. ಕನ್ನಡ ಎಂ.ಎ. ಮುಗಿಸಿ ಶಿವಮೊಗ್ಗದ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದೇನೆ. ಚಿಕ್ಕಂದಿನಿಂದ ಅಜ್ಜಿಯ ಬಾಯಲ್ಲಿ ದೆವ್ವ, ಪೀಡೆ, ಮೋಹಿನಿಯ ಕಥೆಗಳನ್ನು ಕೇಳಿ ಬೆಳೆದವಳು. ಇವುಗಳ ಬಗ್ಗೆ ಬರೆಯುವುದನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂಬ ಆಸೆಯಿದೆ. ಮನೆಯವರು ಇದನ್ನು ಒಪ್ಪುತ್ತಿಲ್ಲ. ದೆವ್ವಗಳನ್ನು ಪೂರ್ತಿಯಾಗಿ ನಂಬದೆ ಅವುಗಳ ಬಗ್ಗೆ ಬರೆದರೆ ಮೋಸ ಮಾಡಿದಂತಾಗುತ್ತದೆಯೇ? ಇದಕ್ಕೆ ಏನು ಓದಬೇಕು? ಇದರಿಂದ ಜೀವನ ನಡೆಯುತ್ತದೆಯೇ? ನಾನು ಬರೆದ ಒಂದು ಪುಟವನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮನೆಯವರ ಆತಂಕವಿರುವುದು ಅಲ್ಲಿಯೇ. ಕನ್ನಡದಲ್ಲಿ ಕಥಾಸಂಕಲನವೊಂದರ ಮೊದಲ ಮುದ್ರಣ ಸಾಮಾನ್ಯವಾಗಿ 500ರಿಂದ 1,000 ಪ್ರತಿಗಳಷ್ಟಿರುತ್ತದೆ, ಲೇಖಕರಿಗೆ ಸಲ್ಲುವ ಗೌರವಧನ ವಾಡಿಕೆಯಂತೆ ಮುಖಬೆಲೆಯ ಶೇಕಡ 10. ಪುಸ್ತಕದ ಬೆಲೆ 200 ರೂಪಾಯಿಯಾಗಿದ್ದು 1,000 ಪ್ರತಿಗಳೂ ಮಾರಾಟವಾದರೆ ನಿಮ್ಮ ಕೈಗೆ ಬರುವುದು 20,000 ರೂಪಾಯಿ, ಅದೂ ಎರಡು ಮೂರು ವರ್ಷಗಳ ಅವಧಿಯಲ್ಲಿ. ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಕಥೆ ಬಂದರೆ ಓದುಗರು ಸಿಗುತ್ತಾರೆ, ಹೆಸರು ಬರುತ್ತದೆ, ಆದರೆ ಅದರಿಂದ ತಿಂಗಳ ದಿನಸಿ ಬರುವುದಿಲ್ಲ. ಈ ಕ್ಷೇತ್ರದಲ್ಲಿ ಹಣವಿರುವುದು ಧಾರಾವಾಹಿಯಂತೆ ಕಂತುಕಂತಾಗಿ ಬರೆಸಿಕೊಳ್ಳುವ ಪ್ರತಿಲಿಪಿಯಂತಹ ವೇದಿಕೆಗಳಲ್ಲಿ, ಧ್ವನಿಕಥೆಗಳಲ್ಲಿ, ಯೂಟ್ಯೂಬ್ ವಾಹಿನಿಗಳ ನಿರೂಪಣೆಯಲ್ಲಿ, ಅಪರೂಪಕ್ಕೊಮ್ಮೆ ಸಿನಿಮಾ ಚಿತ್ರಕಥೆಯಲ್ಲಿ. ಅಲ್ಲಿ ವಾರಕ್ಕೆ ಎರಡು ಕಂತು ಕೊಡಲೇಬೇಕಾದ ಒತ್ತಡವಿರುತ್ತದೆ, ಆ ಒತ್ತಡದಲ್ಲಿ ಒಳ್ಳೆಯ ಬರಹಗಾರರು ಕೆಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಕಚೇರಿಯ ಕೆಲಸವನ್ನು ಬಿಡಬೇಡಿ. ಕನಿಷ್ಠ ಐದು ವರ್ಷ ಅದನ್ನು ಉಳಿಸಿಕೊಂಡು, ಬೆಳಗಿನ ಒಂದೂವರೆ ಗಂಟೆಯನ್ನು ಬರವಣಿಗೆಗೆ ಕಟ್ಟಿಡಿ. ಮನೆಯವರಿಗೂ ಇದನ್ನೇ ಹೇಳಿ, ಅವರ ವಿರೋಧದ ಮುಕ್ಕಾಲು ಪಾಲು ಅಲ್ಲಿಗೇ ಕರಗಬಹುದು.

ನಂಬಿಕೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ನೀವು ದೆವ್ವವನ್ನು ನಂಬುತ್ತೀರೋ ಇಲ್ಲವೋ ಎಂಬುದನ್ನು ಓದುಗರು ಕೇಳುವುದಿಲ್ಲ. ತಮ್ಮ ಕೈಗೆ ಕೊಟ್ಟಿರುವುದು ಏನು ಎಂಬುದನ್ನು ತಿಳಿಯುವ ಹಕ್ಕು ಮಾತ್ರ ಅವರಿಗಿದೆ. ನೀವೇ ಕಟ್ಟಿದ ಕಥೆಯೇ, ಊರಿನವರು ಹೇಳಿದ್ದನ್ನು ಬರೆದುಕೊಂಡದ್ದೇ, ಅಥವಾ ಒಂದು ಘಟನೆಯನ್ನು ಹೋಗಿ ವಿಚಾರಿಸಿ ಬರೆದ ವರದಿಯೇ? ಈ ಮೂರೂ ಗೌರವದ ಕೆಲಸಗಳು. ಮೂರನ್ನೂ ಕಲಸಿ, ಕಟ್ಟುಕಥೆಯ ನೆತ್ತಿಯ ಮೇಲೆ ‘ಸತ್ಯ ಘಟನೆ’ ಎಂದು ಬರೆಯುವುದು ಮಾತ್ರ ಮೋಸ. ಈ ಎರಡು ಪದಗಳಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ, ಇಂದಲ್ಲ ನಾಳೆ ಅವನ್ನು ಸೇರಿಸಿಕೊಡಿ ಎಂದು ನಿಮ್ಮನ್ನು ಕೇಳುವವರು ಬಂದೇ ಬರುತ್ತಾರೆ. ಆಗ ಒಪ್ಪಿಕೊಳ್ಳಬೇಡಿ ಎಂದು ಈಗಲೇ, ಒತ್ತಾಯಪೂರ್ವಕವಾಗಿ ಹೇಳುತ್ತಿದ್ದೇನೆ. ಹೇಳಿದವರ ಮಾತಿಗೆ ನಿಷ್ಠರಾಗಿದ್ದರೆ ನಂಬಿಕೆಯಿಲ್ಲದವರೂ ದೆವ್ವದ ಬಗ್ಗೆ ಪ್ರಾಮಾಣಿಕವಾಗಿ ಬರೆಯಬಲ್ಲರು, ಮಾತನ್ನು ತಿರುಚುವವರ ಬರಹ ಅವರು ಎಷ್ಟೇ ನಂಬಿದವರಾದರೂ ಸುಳ್ಳೇ ಆಗುತ್ತದೆ.

ಮಾತಿಗೆ ನಿಷ್ಠೆ ಎಂದರೇನು ಎಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಬಹಳ ವರ್ಷಗಳ ಹಿಂದೆ ಸಾಗರದ ಕಡೆಯ ಮನೆಯೊಂದರಲ್ಲಿ ಅಡಿಕೆ ಸುಲಿಯುವ ಕಾಲದಲ್ಲಿ ನಾಲ್ಕು ರಾತ್ರಿ ಕುಳಿತು ಕಥೆಗಳನ್ನು ಬರೆದುಕೊಂಡಿದ್ದೆ. ನಿಮಗೆ ಗೊತ್ತಿರುವಂತೆ ಸುಲಿಗೆಯ ರಾತ್ರಿಗಳೇ ನಮ್ಮ ಸೀಮೆಯಲ್ಲಿ ದೆವ್ವದ ಕಥೆಗಳು ಹುಟ್ಟುವ, ಬೆಳೆಯುವ ಹೊತ್ತು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರಿಗೆ ನಿದ್ದೆ ಹತ್ತದಿರಲೆಂದು ಯಾರಾದರೊಬ್ಬರು ಕಥೆ ತೆಗೆಯುತ್ತಾರೆ. ಅಲ್ಲಿದ್ದ ಹಿರಿಯರೊಬ್ಬರು ಹೇಳಿದ್ದು ಇಷ್ಟೇ: “ಅವತ್ತು ನಾವು ಹನ್ನೊಂದು ಜನ ಸುಲಿಯಕ್ಕೆ ಕೂತಿದ್ವಿ. ಬೆಳಿಗ್ಗೆ ಎದ್ದು ಗುಡಿಸಕ್ಕೆ ಹೋದರೆ ಸಿಪ್ಪೆ ಗುಪ್ಪೆ ಹನ್ನೆರಡಿತ್ತು. ಹನ್ನೆರಡನೇ ಗುಪ್ಪೆ ಸಿಪ್ಪೆ ಒಣಗಿತ್ತು, ಹೋದ ವರ್ಷದ್ದರ ಹಾಗೆ.” ಅಷ್ಟು ಹೇಳಿ ಅವರು ಮತ್ತೆ ಕತ್ತಿಯ ಕಡೆ ತಿರುಗಿದರು. ಹಿಂದಿನ ವರ್ಷ ಸುಲಿಯಲು ಬಂದವರಲ್ಲಿ ಈ ವರ್ಷ ಇಲ್ಲದವರು ಯಾರು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಅಲ್ಲಿದ್ದವರಿಗೆ ಇರಲಿಲ್ಲ.

ಆ ರಾತ್ರಿ ಮನೆಗೆ ಬಂದು ನಾನು ಮಾಡಿದ ಮೊದಲ ತಪ್ಪೆಂದರೆ, ಆ ಮಾತಿಗೆ ನಾಯಿಯ ಊಳು, ಗಾಳಿಗೆ ಆರಿದ ದೀಪ, ಬಿಳಿ ಸೀರೆ ಎಲ್ಲವನ್ನೂ ಸೇರಿಸಿ ಮೂರು ಪುಟ ಬರೆದದ್ದು. ಒಂದು ವಾರದ ನಂತರ ಓದಿ ನೋಡಿದಾಗ ಅದರಲ್ಲಿ ಭಯವೇ ಉಳಿದಿರಲಿಲ್ಲ. ಭಯವಿದ್ದದ್ದು ಲೆಕ್ಕದಲ್ಲಿ. ಸುಲಿದ ಅಡಿಕೆಯ ಅಳತೆಯ ಮೇಲೆ ಕೂಲಿ ಪಡೆಯುವವರಿಗೆ ಯಾರ ಮುಂದೆ ಎಷ್ಟಿದೆ ಎಂಬ ಲೆಕ್ಕ ಎಂದೂ ತಪ್ಪುವುದಿಲ್ಲ, ತಪ್ಪದ ಆ ಲೆಕ್ಕ ಒಂದು ದಿನ ತಪ್ಪಿತು ಎಂಬುದೇ ಕಥೆ. ನೀವು ಲೆಕ್ಕ ಬರೆಯುವ ಕೆಲಸದಲ್ಲಿದ್ದೀರಿ, ಇದು ನಿಮಗೆ ನನಗಿಂತ ಬೇಗ ಅರ್ಥವಾದೀತು. ಕಥೆ ಕೇಳುವಾಗ ಹೇಳುವವರ ವಾಕ್ಯಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ, ಅವರು ಒಪ್ಪಿದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಯಾವ ತಿಂಗಳು, ಯಾವ ಹೊತ್ತು, ಯಾರು ಹೇಳಿದರು, ಅವರಿಗೆ ಯಾರು ಹೇಳಿದ್ದರು ಎಂಬುದನ್ನು ಪುಟದ ಮೇಲ್ಭಾಗದಲ್ಲಿಯೇ ಗುರುತಿಸಿ. ಕಥೆಯಾಗಿ ತಿದ್ದುವುದೇನಿದ್ದರೂ ಬೇರೆ ಪುಸ್ತಕದಲ್ಲಿ ನಡೆಯಲಿ, ಮೂಲದ ಪುಟವನ್ನು ಮುಟ್ಟಬೇಡಿ.

ಹೆಸರುಗಳ ವಿಷಯದಲ್ಲಿ ನಮ್ಮ ಕಡೆಯವರೇ ತಪ್ಪು ಮಾಡುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ನೀವು ಕಳುಹಿಸಿದ ಪುಟದಲ್ಲಿಯೂ ‘ಚೌಡಿ ದೆವ್ವ’ ಎಂಬ ಮಾತಿದೆ. ಮಲೆನಾಡಿನಲ್ಲಿ ಚೌಡಿ, ಭೂತಪ್ಪ, ಜಟಕ ಮುಂತಾದವರು ದೆವ್ವಗಳಲ್ಲ, ಅವರಿಗೆ ಕಾನಿನ ಅಂಚಿನಲ್ಲೋ ಗದ್ದೆಯ ಮೇಲ್ದರೆಯಲ್ಲೋ ಒಂದು ಕಲ್ಲು, ಒಂದು ಮರ, ವರ್ಷಕ್ಕೊಮ್ಮೆ ಹಣ್ಣುಕಾಯಿ, ಕೆಲವು ಮನೆತನಗಳಲ್ಲಿ ಕೋಳಿಯ ಹರಕೆ ಇರುತ್ತದೆ. ಅವರು ಗಡಿ ಕಾಯುವವರು, ಹರಕೆ ಮರೆತರೆ ಮುನಿಯುವವರು. ದೆವ್ವ, ಪೀಡೆಗಳು ಸತ್ತ ಮನುಷ್ಯರ ಕಡೆಯಿಂದ ಬಂದವು. ಗಾಳಿ ಎಂದರೆ ಹೆಸರಿಲ್ಲದ ಸೋಂಕು. ಬ್ರಹ್ಮರಾಕ್ಷಸ ವಿದ್ಯೆಯನ್ನು ಬಚ್ಚಿಟ್ಟುಕೊಂಡು ಸತ್ತವನೆಂಬ ನಂಬಿಕೆಯಿದೆ, ಅದಕ್ಕೇ ಅವನು ಪ್ರಶ್ನೆ ಕೇಳುತ್ತಾನೆ. ಕೊಳ್ಳಿದೆವ್ವ ಬೆಂಕಿಯಾಗಿ ಮಾತ್ರ ಕಾಣುವಂಥದು. ಇವರೆಲ್ಲರನ್ನೂ ‘ದುಷ್ಟಶಕ್ತಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ಊರಿನ ಓದುಗರು ಎರಡನೆಯ ಪುಟಕ್ಕೆ ಬರುವುದಿಲ್ಲ. ಚೌಡಿಯನ್ನು ದೆವ್ವವೆಂದು ಬರೆದರೆ ಇನ್ನೊಬ್ಬರ ಮನೆಯ ದೇವರನ್ನು ಪೀಡೆ ಎಂದು ಕರೆದಂತೆ ಆಗುತ್ತದೆ. ಹಾಗೆಯೇ ಒಂದು ತಾಲ್ಲೂಕಿನ ಹೆಸರಿಗೆ ಪಕ್ಕದ ತಾಲ್ಲೂಕಿನಲ್ಲಿ ಬೇರೆ ಅರ್ಥವಿರಬಹುದು, ಊಹಿಸದೆ ಆಯಾ ಊರಿನಲ್ಲಿಯೇ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ವಿಷಯವನ್ನು ಹೇಳಲು ನನಗೆ ಇಂದಿಗೂ ಕಷ್ಟವಾಗುತ್ತದೆ, ಆದರೂ ನೀವು ಈ ಹಾದಿಗೆ ಬರುವ ಮುಂಚೆ ತಿಳಿದಿರಬೇಕು. ಪತ್ರಿಕೆಯೊಂದರ ಪುರವಣಿಗೆ ಬರೆಯುತ್ತಿದ್ದ ದಿನಗಳಲ್ಲಿ ಊರೊಂದರ ಹಾಳು ಬಾವಿಯ ಕಥೆಯನ್ನು ಪ್ರಕಟಿಸಿದ್ದೆ. ಊರಿನ ಹೆಸರನ್ನು ಬದಲಿಸಿದ್ದೆ, ಸತ್ತ ಹುಡುಗಿಯ ಹೆಸರನ್ನೂ ಬದಲಿಸಿದ್ದೆ. ಆದರೆ ಬಾವಿಯ ಪಕ್ಕದ ಹಲಸಿನ ಮರ, ಅದರ ಕೊಂಬೆಗೆ ಸಿಡಿಲು ಬಡಿದ ಗುರುತು, ಬಾವಿಗೆ ಇಳಿಯುವ ಮೂರು ಕಲ್ಲಿನ ಮೆಟ್ಟಿಲು ಎಲ್ಲವೂ ಇದ್ದ ಹಾಗೆಯೇ ಇದ್ದವು. ಎರಡು ವಾರದ ನಂತರ ಸುಮಾರು ಐವತ್ತರ ವಯಸ್ಸಿನ ವ್ಯಕ್ತಿಯೊಬ್ಬರು ಮಡಿಸಿದ ಪುರವಣಿಯನ್ನು ಹಿಡಿದು ನಮ್ಮ ಮನೆಯ ಜಗಲಿಗೆ ಬಂದರು. ಸಿಟ್ಟು ಮಾಡಲಿಲ್ಲ. ಕೊಟ್ಟ ನೀರನ್ನು ಕುಡಿದು, “ನಮ್ಮ ತಂಗಿ ಸತ್ತಿದಾಳೆ ಸಾರ್, ದೆವ್ವ ಆಗಿಲ್ಲ” ಎಂದರು. ಅವರ ತಾಯಿ ಇನ್ನೂ ಬದುಕಿದ್ದರು, ಆ ಪುರವಣಿಯನ್ನು ಯಾರೋ ಆ ತಾಯಿಗೆ ಓದಿ ಹೇಳಿದ್ದರು. ಆ ದಿನದಿಂದ ನಾನು ಒಂದು ನಿಯಮವನ್ನು ಪಾಲಿಸುತ್ತ ಬಂದಿದ್ದೇನೆ. ಸತ್ತವರ ಒಡಹುಟ್ಟಿದವರೋ ಮಕ್ಕಳೋ ಬದುಕಿರುವ ಸಾವನ್ನು ಅವರ ಒಪ್ಪಿಗೆಯಿಲ್ಲದೆ ಕಥೆಗೆ ತರುವುದಿಲ್ಲ, ಹೆಸರನ್ನಷ್ಟೇ ಬದಲಿಸಿ ಸುಮ್ಮನಾಗದೆ ಜಾಗದ ಗುರುತುಗಳನ್ನೂ ಬದಲಿಸುತ್ತೇನೆ. ನಮ್ಮ ದೆವ್ವದ ಕಥೆಗಳಲ್ಲಿ ಹೆಚ್ಚಿನವು ಬಾವಿಗೆ ಬಿದ್ದ, ಬಾಣಂತನದಲ್ಲಿ ಸತ್ತ, ಗಂಡನ ಮನೆಯಲ್ಲಿ ನೊಂದ ಹೆಣ್ಣುಮಕ್ಕಳ ಕಥೆಗಳು. ಹೆಣ್ಣಾಗಿ ನೀವು ಅವುಗಳನ್ನು ಬರೆಯುವಾಗ, ಊರು ಅವಳನ್ನು ದೆವ್ವ ಎಂದು ಕರೆಯುವ ಮುಂಚೆ ಅವಳಿಗೆ ಏನು ಮಾಡಿತ್ತು ಎಂಬುದನ್ನು ಕೇಳಬಲ್ಲಿರಿ. ಗಂಡಸರು ಅಷ್ಟಾಗಿ ಕೇಳದ ಪ್ರಶ್ನೆ ಅದು.

ವರದಿಯ ಕಡೆಗೆ ಒಲವಿದ್ದರೆ ವಿಚಾರಣೆಯ ಪರಂಪರೆಯನ್ನೂ ಓದಬೇಕಾಗುತ್ತದೆ. ಲಂಡನ್ನಿನಲ್ಲಿ 1882ರಲ್ಲಿಯೇ ಇಂಥ ಅನುಭವಗಳನ್ನು ಸಂಗ್ರಹಿಸಿ ಪರಿಶೀಲಿಸಲು ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಎಂಬ ಸಂಸ್ಥೆ ಹುಟ್ಟಿತು. ನಮ್ಮಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದ್ದರು. ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ 1921ರಲ್ಲಿ ಪ್ರಕಟಿಸಿದ ಒಂದು ಪ್ರಕರಣವನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಹಳೆಯ ಮನೆಯೊಂದಕ್ಕೆ ಬಂದ ಕುಟುಂಬಕ್ಕೆ ಹೆಜ್ಜೆಯ ಸಪ್ಪಳ ಕೇಳಿಸುತ್ತಿತ್ತು, ಅಪರಿಚಿತ ಆಕೃತಿಗಳು ಕಾಣಿಸುತ್ತಿದ್ದವು, ತಲೆನೋವು ಬಿಡುತ್ತಿರಲಿಲ್ಲ, ಕುಂಡದ ಗಿಡಗಳು ಬಾಡುತ್ತಿದ್ದವು. ಕಾರಣ, ಮನೆ ಬೆಚ್ಚಗಿಡುವ ಕೆಟ್ಟ ಒಲೆಯಿಂದ ಸೋರುತ್ತಿದ್ದ ಕಾರ್ಬನ್ ಮಾನಾಕ್ಸೈಡ್. ಆಷಾಢದ ಮಳೆಯಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಕೆಂಡದ ಅಗ್ಗಿಷ್ಟಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಮಲಗುವ ನಮ್ಮವರಿಗೆ ಈ ಪ್ರಕರಣ ಎಷ್ಟು ಹತ್ತಿರದ್ದು ಎಂಬುದನ್ನು ಯೋಚಿಸಿ. ಅಂಥ ಮನೆಗೆ ವರದಿಗೆಂದು ಹೋದವರು ಮೊದಲು ಕಿಟಕಿಯನ್ನು ತೆಗೆಸಬೇಕು, ಆಮೇಲೆ ಪ್ರಶ್ನೆ ಕೇಳಬೇಕು, ಏಕೆಂದರೆ ಅಲ್ಲಿ ಜೀವಕ್ಕೇ ಅಪಾಯವಿರಬಹುದು. ಇಂಗ್ಲೆಂಡಿನ ಕಾವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿ ತಮ್ಮ ಪ್ರಯೋಗಾಲಯದಲ್ಲಿ ಕಣ್ಣಂಚಿಗೆ ಸುಳಿಯುತ್ತಿದ್ದ ಬೂದು ಆಕೃತಿಗೆ ಗೋಡೆಯ ಫ್ಯಾನೊಂದು ಹುಟ್ಟಿಸುತ್ತಿದ್ದ, ಕಿವಿಗೆ ಕೇಳಿಸದ ಸುಮಾರು 19 ಹರ್ಟ್ಸ್‌ನ ಕಂಪನ ಕಾರಣವಿರಬೇಕೆಂದು 1998ರಲ್ಲಿ ಬರೆದರು. ಎಲ್ಲ ಮನೆಗೂ ಇದೇ ಕಾರಣವೆಂದು ಹೇಳಲಾಗದು, ಆದರೆ ಅವರು ಗಾಬರಿಯಲ್ಲಿಯೂ ಕೈಯಲ್ಲಿದ್ದ ಸಲಕರಣೆಯಿಂದಲೇ ಹುಡುಕುತ್ತ ಹೋದ ರೀತಿಯನ್ನು ಕಲಿಯಬೇಕು. ರಾತ್ರಿ ಎಚ್ಚರವಾದಾಗ ಎದೆಯ ಮೇಲೆ ಯಾರೋ ಕುಳಿತಂತಾಗಿ ಕೈಕಾಲು ಅಲುಗದಿರುವುದು ನಿದ್ರಾ ಸ್ತಂಭನ. ಕನಸಿನ ನಿದ್ದೆಯಲ್ಲಿ ಸಡಿಲಾದ ಸ್ನಾಯುಗಳು ಮರಳಿ ಹಿಡಿತಕ್ಕೆ ಬರುವ ಮುನ್ನವೇ ಅರಿವು ಮೂಡುವುದರಿಂದ ಹಾಗಾಗುತ್ತದೆ.

ಘಟ್ಟದ ಕಾಡುಗಳಲ್ಲಿ ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಮಂದವಾಗಿ ಹಸಿರು ಬೆಳಕು ಬೀರುವ ಅಣಬೆಗಳು ಇರುವುದನ್ನು ನೀವೇ ನೋಡಿರಬಹುದು. ಹೊಟ್ಟೆಯ ಮೇಲೆ ಚುಕ್ಕೆಗಳಿರುವ ದೊಡ್ಡ ಗೂಬೆಯೊಂದು ಮನುಷ್ಯರು ಚೀರಿದಂತೆ ಕೂಗುತ್ತದೆ, ಶ್ರೀಲಂಕಾದಲ್ಲಿ ಪಿಶಾಚಿ ಹಕ್ಕಿಯ ಕಥೆಗೆ ಕಾರಣವೆಂದು ಹೇಳಲಾಗುವ ಅದೇ ಗೂಬೆ ನಮ್ಮ ಘಟ್ಟದಲ್ಲಿಯೂ ಇದೆ. ಇವುಗಳನ್ನು ತಿಳಿದಿರಬೇಕು. ಆದರೆ ಕಾರಣ ಸಿಕ್ಕ ಕೂಡಲೇ ಹೇಳಿದವರನ್ನು ತಿದ್ದಲು ಹೋಗಬೇಡಿ. ಅಣಬೆಯೆಂದು ನಿಮಗೆ ತಿಳಿದಿರಬಹುದು. ಆ ಬೆಳಕನ್ನು ಕಂಡು ಗದ್ದೆಯ ಅಂಚಿನಲ್ಲಿ ಅರ್ಧ ರಾತ್ರಿ ನಿಂತವರ ಅನುಭವ ಅದರಿಂದ ಸುಳ್ಳಾಗುವುದಿಲ್ಲ, ಬರೆಯಬೇಕಾದದ್ದು ಅದನ್ನೂ ಸೇರಿಸಿ.

ಏನು ಓದಬೇಕೆಂಬುದಕ್ಕೆ ಚಿಕ್ಕ ಉತ್ತರ ಸಾಕು. ದೆವ್ವದ ಬರವಣಿಗೆಗೆಂದು ಬೇರೆ ಪದವಿ ಬೇಡ, ನಿಮ್ಮ ಎಂ.ಎ. ಸಾಕು. ಜಾನಪದ ಕ್ಷೇತ್ರಕಾರ್ಯದ ಪದ್ಧತಿಯನ್ನು ಕಲಿಯಬೇಕೆನಿಸಿದರೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ನಿಮ್ಮ ಹತ್ತಿರದಲ್ಲಿಯೇ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಅದಕ್ಕಿಂತ ಮುಖ್ಯವಾಗಿ ಸ್ಥಳದ ಚರಿತ್ರೆಯನ್ನು ಓದಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳಿವೆ. ತೋಟದಂಚಿನಲ್ಲಿ ಬಳೆ ತೊಟ್ಟ ಕೈಯೊಂದು ಮೇಲೆದ್ದಂತೆ ಕೆತ್ತಿರುವ ಕಲ್ಲಿದ್ದು, ಸಂಜೆಯ ಮೇಲೆ ಅಲ್ಲಿ ಬಳೆಯ ಸದ್ದು ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ, ಅದು ಮಾಸ್ತಿಕಲ್ಲು, ಸಹಗಮನ ಮಾಡಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ್ದು ಎಂಬುದು ನಿಮಗೆ ತಿಳಿದಿರಬೇಕು. ಹಾಗೆಯೇ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳಷ್ಟೇ ಅಲ್ಲ, ಅದಕ್ಕೂ ಮೊದಲು 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು, ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಅದು ಮೇಲೆ ಕಾಣುತ್ತದೆ. ಆ ದೃಶ್ಯವನ್ನು ಕಂಡವರಿಗೆ ದೆವ್ವದ ಕಥೆ ಬರೆಯಬೇಕೆನಿಸುವುದು ಸಹಜ. ಆದರೆ ಮುಳುಗಡೆಯಲ್ಲಿ ಮನೆ ಕಳೆದುಕೊಂಡವರು, ಅವರ ಮಕ್ಕಳು ಈಗಲೂ ನಮ್ಮ ನಡುವೆ ಇದ್ದಾರೆ. ಬಾವಿಯ ಕಥೆಗೆ ಹೇಳಿದ ನಿಯಮ ಇಲ್ಲಿಗೂ ಅನ್ವಯಿಸುತ್ತದೆ.

ಕಾನೂನಿನ ಮೂರು ವಿಷಯಗಳು ನಿಮಗೆ ಗೊತ್ತಿರಲಿ. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ 2017ರ ಅಧಿನಿಯಮ 2020ರ ಜನವರಿಯಿಂದ ಜಾರಿಯಲ್ಲಿದ್ದು, ದೆವ್ವ ಬಿಡಿಸುವ ನೆಪದಲ್ಲಿ ಒಬ್ಬರನ್ನು ಹೊಡೆಯುವುದು, ಹಿಂಸಿಸುವುದು ಅಪರಾಧ. ಅಂಥದ್ದನ್ನು ಕಂಡರೆ ನೀವು ಮೊದಲು ದೂರು ಕೊಡಬೇಕಾದ ನಾಗರಿಕರು, ಬರಹಗಾರ್ತಿ ಆಮೇಲೆ. ತಾಯಿತ, ಮಂತ್ರಗಳಿಂದ ರೋಗ ವಾಸಿಯಾಗುತ್ತದೆಂದು ಜಾಹೀರಾತು ಮಾಡುವುದನ್ನು 1954ರ ಕೇಂದ್ರ ಕಾಯ್ದೆ ನಿಷೇಧಿಸುತ್ತದೆ. ದೆವ್ವದ ವಾಹಿನಿಗಳಿಗೆ ಹಣ ಕೊಡಲು ಮುಂದೆ ಬರುವವರಲ್ಲಿ ಇಂಥವರೇ ಇರಬಹುದು, ನಿಮ್ಮ ಬರಹದ ಪಕ್ಕದಲ್ಲಿ ಅವರ ಫೋನ್ ನಂಬರ್ ಬರಲು ಬಿಡಬೇಡಿ. ಮೂರನೆಯದು ಹಕ್ಕುಸ್ವಾಮ್ಯ. ಅಜ್ಜಿ ಹೇಳಿದ ಜನಪದ ಕಥೆಗೆ ಯಾರೂ ಒಡೆಯರಲ್ಲ, ಆದರೆ ನೀವು ಬರೆದ ರೂಪಕ್ಕೆ ನೀವೇ ಒಡತಿ. 1957ರ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಅದಕ್ಕೆ ನಿಮ್ಮ ಸಹಿಯಿರಬೇಕು. ಎಷ್ಟು ವರ್ಷಕ್ಕೆ ಎಂದು ಪತ್ರದಲ್ಲಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದು ಕಾನೂನು ತಿಳಿಯುತ್ತದೆ. ‘ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂಬ ಸಾಲನ್ನು ಕಂಡರೆ ಸಹಿ ಹಾಕುವ ಮುಂಚೆ ನಿಲ್ಲಿ. ಧ್ವನಿ, ಮುದ್ರಣ, ಸಿನಿಮಾ ಹಕ್ಕುಗಳನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

ಮೊದಲ ಕೆಲಸವಾಗಿ ಏನನ್ನು ಕೈಗೆತ್ತಿಕೊಳ್ಳಬಹುದು ಎಂದು ನೀವು ಕೇಳಿಲ್ಲ, ಆದರೂ ಒಂದನ್ನು ಸೂಚಿಸುತ್ತೇನೆ. 1990ರ ದಶಕದಲ್ಲಿ ರಾತ್ರಿ ಬಂದು ಪರಿಚಿತರ ದನಿಯಲ್ಲಿ ಕರೆಯುವ ದೆವ್ವದ ಸುದ್ದಿ ಹಬ್ಬಿ, ಕರ್ನಾಟಕದ ಮನೆ ಮನೆಯ ಬಾಗಿಲಿನ ಮೇಲೆ ಜನ ‘ನಾಳೆ ಬಾ’ ಎಂದು ಬರೆದರು. ಅದನ್ನು ಬರೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾರ ಸಾವನ್ನೂ ಕೆದಕದೆ, ಯಾರ ಮನೆಯ ದೇವರನ್ನೂ ನೋಯಿಸದೆ, ಒಂದೇ ತಾಲ್ಲೂಕಿನ ಐವತ್ತು ಮನೆಗಳಲ್ಲಿ ಕೇಳಿಬರಬಹುದು. ಯಾರು ಬರೆದರು, ಸುಣ್ಣದಲ್ಲೋ ಇದ್ದಿಲಿನಲ್ಲೋ, ಅಕ್ಷರ ಬಾರದವರು ಯಾರ ಕೈಯಲ್ಲಿ ಬರೆಸಿದರು, ಅಳಿಸಿದ್ದು ಯಾವಾಗ, ಅಥವಾ ಅಳಿಸಲೇ ಇಲ್ಲವೇ? ಐವತ್ತು ಉತ್ತರಗಳು ನಿಮ್ಮ ಕೈಯಲ್ಲಿದ್ದರೆ ಯಾವ ಸಂಪಾದಕರೂ ನಿಮ್ಮ ಮಾತನ್ನು ಕೂತು ಕೇಳುತ್ತಾರೆ ಎಂದು ನಾನು ಭರವಸೆಯಿಂದ ಹೇಳಬಲ್ಲೆ.

ಇನ್ನು ನೀವು ಕಳುಹಿಸಿದ ಪುಟ. ಅದರಲ್ಲಿ ‘ಭಯಾನಕ’ ಎಂಬ ಪದ ಆರು ಬಾರಿ ಬಂದಿದೆ, ಆರನ್ನೂ ಹೊಡೆದುಹಾಕಿ. ಮಧ್ಯದಲ್ಲಿ ಒಂದು ವಾಕ್ಯವಿದೆ: ಕತ್ತಲಾದ ಮೇಲೆ ಹಳ್ಳದ ಮೇಲಿನ ಸಂಕ ದಾಟುವಾಗ ಅಜ್ಜಿ ಎಡಗೈಯಲ್ಲಿ ಕತ್ತಿ ಹಿಡಿದುಕೊಳ್ಳುತ್ತಿದ್ದರು ಎಂದು. ಇಡೀ ಪುಟದಲ್ಲಿ ಜೀವವಿರುವುದು ಅಲ್ಲಿ, ಆದರೆ ನೀವು ಅದನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದೀರಿ. ಕಬ್ಬಿಣಕ್ಕೆ ಪೀಡೆ ಹೆದರುತ್ತದೆ ಎಂಬುದು ಎಲ್ಲರೂ ಹೇಳುವ ಮಾತು, ಆದರೆ ಎಡಗೈಯೇ ಏಕೆ? ಬಲಗೈಯಲ್ಲಿ ಏನಿತ್ತು? ದೊಂದಿಯೋ, ನಿಮ್ಮ ತಾಯಿಯ ಕೈಯೋ, ನಿಮ್ಮ ಕೈಯೋ? ಅಜ್ಜಿ ಇನ್ನೂ ಗಟ್ಟಿಯಾಗಿದ್ದಾರೆ ಎಂದು ಬರೆದಿದ್ದೀರಿ, ಅಡಿಕೆ ಕೊಯ್ಲು ಹತ್ತಿರ ಬರುತ್ತಿದೆ. ಈ ಸಲ ಸುಲಿಗೆಗೆ ರಜೆ ಹಾಕಿ ಊರಿಗೆ ಹೋಗಿ, ಅವರ ಪಕ್ಕದಲ್ಲಿ ಕುಳಿತು ಅದೊಂದನ್ನು ಕೇಳಿಕೊಂಡು ಬನ್ನಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದು, ಆ ಪುಟದ ಜೊತೆಗೆ ಮತ್ತೆ ಕಳುಹಿಸಿ. ನಾನು ಓದಿ ಉತ್ತರ ಬರೆಯುತ್ತೇನೆ.